ಮಾತಾಡುವ ಕಾರ್ಡಿಗೆ ಖಾನಾಪುರದ ಕನ್ನಡ

ಆ ಕಾರ್ಡು ನನ್ನ ಕೈಗೆ ಬಂದಾಗ ಒಂದು ಹಳೆಯ ಸೀರೆಯ ತುಂಡಿನೊಳಗೆ ಬೆಚ್ಚಗೆ ಮಲಗಿತ್ತು. ನೂಲಿನ ಸೀರೆ, ನನ್ನ ಪುಣ್ಯ. ನೈಲಾನ್ ಆಗಿದ್ದರೆ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತಿಗೆ ಅದರ ಚಿಪ್ಪುಗಳು ಅಲ್ಲೇ ಕಣ್ಣು ಮುಚ್ಚುತ್ತಿದ್ದವೋ ಏನೋ.

"ಯಾರ್ರೀ ಇದನ್ನ ಹಿಂಗ ಬಟ್ಟಿಯೊಳಗ ಸುತ್ತಿದ್ದು?" ಎಂದು ಸಿಡುಕಿದೆ. ಸಿಡುಕುವುದು ನನಗೆ ಉಸಿರಾಡಿದಷ್ಟೇ ಸುಲಭ.

"ನಾನ ರೀ ಸರ್. ಭಾಳ ನಾಜೂಕ ಐತಿ, ಹಸಗೂಸು ಹಿಡದಂಗ ಹಿಡೀರಿ ಅಂದ್ರು ಸಾಲ್ಯಾಗ. ಹಸಗೂಸಿಗೆ ಮತ್ತೇನು ಸುತ್ತೂದ್ರಿ?" ಎಂದರು ಅಕ್ಕ.

ಅಕ್ಕ ನಮ್ಮೂರಿನ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದ ಒಂದು ಫೌಂಡ್ರಿಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಖಾನಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದು, ಸ್ಟೇಷನ್ನಿನಿಂದ ಬಸ್ಸು ಹಿಡಿದು, ಕೋಲು ಕುಟ್ಟುತ್ತ ತಮ್ಮ ಕುರ್ಚಿ ಸೇರುತ್ತಿದ್ದರು. ಮಾಲಕರಿಂದ ಹಿಡಿದು ಉಸುಕು ಹೊರುವವರವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅಕ್ಕ ಎಂದೇ. ನಾನೂ ಹಾಗೇ ಕರೆದೆ. ನಾನು ಅದೇ ಊರಿನ ಅನಗೋಳದಲ್ಲಿ ಎರಡು ಕೋಣೆಯ ಅಂಗಡಿ ಇಟ್ಟುಕೊಂಡು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು. ೨೦೦೦ದ ಆಸುಪಾಸಿನಲ್ಲಿ ಆ ಫೌಂಡ್ರಿಗೆ ಲಿನಕ್ಸ್ ಸರ್ವರ್ ತಂದು ಕೂರಿಸಿದವನು ನಾನೇ. ಅಂದರೆ ಅಕ್ಕನ ಕುರ್ಚಿಗೆ ಕುತ್ತು ತಂದವನೂ ನಾನೇ.

ಅದು ಹೇಗೆಂದರೆ, ಅದಕ್ಕೂ ಮೊದಲು ಕೊಲ್ಹಾಪುರದಿಂದಲೋ ಹುಬ್ಬಳ್ಳಿಯಿಂದಲೋ ಗಿರಾಕಿ ಫೋನ್ ಮಾಡಿ ತನ್ನ ಮಾಲು ಎಲ್ಲಿಗೆ ಬಂತು ಎಂದು ಕೇಳಿದರೆ, ಅಕ್ಕ ಇಂಟರ್‌ಕಾಮ್‌ನಲ್ಲಿ ಒಬ್ಬೊಬ್ಬ ಫೋರ್‌ಮನ್ನನನ್ನೂ ಹಿಡಿದು ಕೇಳುತ್ತಿದ್ದರು. ಅಚ್ಚು ಆಗಿದೆಯೇ, ಕಬ್ಬಿಣ ಎರೆದಿದ್ದಾರೆಯೇ, ಗ್ರೈಂಡಿಂಗ್ ಆಯಿತೇ, ಲಾರಿ ಹೋಯಿತೇ. ನಾನು ಸರ್ವರ್ ಇಟ್ಟು, ಪ್ರತಿ ವಿಭಾಗಕ್ಕೆ, ಅಂದರೆ ಶಾಪಿಗೆ, ಒಂದರಂತೆ ಹಳೆಯ ಕಂಪ್ಯೂಟರುಗಳನ್ನು ನೆಟ್‌ವರ್ಕ್ ತಂತಿಯಿಂದ ಅದಕ್ಕೆ ಜೋಡಿಸಿದ ಮೇಲೆ ಫೋರ್‌ಮನ್ನರು ಎಲ್ಲವನ್ನೂ ಅದರೊಳಗೆ ಹಾಕತೊಡಗಿದರು. ಅಕ್ಕ ಕೇಳಿದರೆ, "ಕಂಪ್ಯೂಟರ್‌ದಾಗ ಹಾಕೇವಿ, ನೋಡ್ಕೋ ಅಕ್ಕಾ" ಅನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅಕ್ಕನಿಗೆ ಕಣ್ಣಿಲ್ಲ ಎಂಬುದು ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು.

ಮಾಲಕರು ನನ್ನನ್ನು ಕರೆಸಿ ಹೇಳಿದರು, "ನೋಡ್ರಿ, ಅಕ್ಕಾನ್ನ ತಗೀಬೇಕಂತ ನನಗೇನು ಹೌಸಿಲ್ಲ. ಆದ್ರ ಗಿರಾಕಿ ಎಷ್ಟೊತ್ತಂತ ಫೋನ್ ಹಿಡಕೊಂಡು ಕುಂದರ್ತಾನ? ದೀಪಾವಳಿ ಪಾಡ್ಯ ಆದಮ್ಯಾಗ ಹೊಸಾ ಹುಡುಗಿ ಬರ್ತಾಳ, ಸ್ಕ್ರೀನ್ ನೋಡಿ ಹೇಳ್ತಾಳ. ಅಷ್ಟ್ರಾಗ ಅಕ್ಕಾಗ ಏನರ ಅನುಕೂಲ ಮಾಡಿ ಕೊಟ್ರ ಅವರs ಇರಲಿ. ಇಲ್ಲಂದ್ರ ಕೋರ್ ಶಾಪಿನ್ಯಾಗ ಕುಂತು ಉಸುಕಿನ ಅಚ್ಚು ಒತ್ತೂ ಕೆಲಸಾ ಕೊಡ್ತೇನಿ. ಪಗಾರ ಏನ್ ಕಡಿಮಿ ಮಾಡಂಗಿಲ್ಲ."

ಪಗಾರ ಕಡಿಮೆಯಾಗುವುದಿಲ್ಲವಲ್ಲ ಎಂದು ನಾನು ಅಕ್ಕನಿಗೆ ಸಮಾಧಾನ ಹೇಳಲು ಹೋದೆ. ಅವರು ರಿಸೀವರ್ ಮೇಲೆ ಕೈ ಇಟ್ಟುಕೊಂಡರು.

"ಸರ್, ಫೋನಿನ್ಯಾಗ ಯಾರೂ ಯಾರಿಗೂ ಕಾಣಂಗಿಲ್ರಿ. ಅಲ್ಲಿ ಎಲ್ಲಾರೂ ನನ್ನಂಗs. ನಾ ಕಾಣಲಾರದಾಕಿ ಅಂತ ಒಬ್ಬ ಗಿರಾಕಿಗೂ ಗೊತ್ತಿಲ್ಲ. ಕೋರ್ ಶಾಪಿಗೆ ಹೋದ್ರ ನಾ ಮತ್ತ ಕುರುಡಿ ಆಕ್ಕೇನ್ರಿ."

ಮರುದಿನ ಅಕ್ಕ ತಾವು ಕಲಿತ ಅಂಧರ ಶಾಲೆಗೆ ಹೋಗಿ ಈ ಕಾರ್ಡನ್ನು ಕೇಳಿ ತಂದರು. ಯಾರೋ ಪರದೇಶದವರು ದಾನ ಕೊಟ್ಟಿದ್ದಂತೆ. ಕಂಪ್ಯೂಟರಿನೊಳಗೆ ಕೂರಿಸಿದರೆ, ಅದಕ್ಕೆ ಕಳಿಸಿದ ಅಕ್ಷರಗಳನ್ನು ಬಾಯಿಬಿಟ್ಟು ಓದುತ್ತದೆ. ಶಾಲೆಯಲ್ಲಿ ಅದನ್ನು ನಡೆಸುವುದು ಯಾರಿಗೂ ತಿಳಿಯದೆ ಕಪಾಟಿನಲ್ಲೇ ಉಳಿದಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪಟ್ಟಿಯಲ್ಲಿ ಹುಡುಕಿದಾಗ ಆ ಕಾರ್ಡಿನ ಹೆಸರು ಸಿಕ್ಕಿತು. ಕಾರ್ಡನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಇದೆ ಎಂದರೆ ಅರ್ಧ ಕೆಲಸ ಆದಂತೆ ಎಂದು ನಾನು ಹಿಗ್ಗಿದೆ. ಆದದ್ದು ಅರ್ಧದಲ್ಲಿ ಕಾಲು ಮಾತ್ರ.

ಸರ್ವರ್ ಇದ್ದುದು ಅಕ್ಕನ ಮೇಜಿನ ಪಕ್ಕದಲ್ಲೇ. ಇಡೀ ಫೌಂಡ್ರಿಯಲ್ಲಿ ಉಸುಕು, ಕಬ್ಬಿಣದ ಧೂಳು ಬಾರದ ಜಾಗವೆಂದರೆ ಫೋನಿನ ಆ ಕೋಣೆ ಒಂದೇ. ಸೂಟಿಯ ದಿನ ಸರ್ವರ್ ಬಿಚ್ಚಿದೆ. ಮದರ್‌ಬೋರ್ಡಿನಲ್ಲಿ ಹಳೆಯ ನಮೂನೆಯ ಉದ್ದ ಸ್ಲಾಟುಗಳು ಎರಡೇ ಇದ್ದವು. ಒಂದರಲ್ಲಿ ನೆಟ್‌ವರ್ಕ್ ಕಾರ್ಡು, ಇನ್ನೊಂದು ಖಾಲಿ. ಮಾತಾಡುವ ಕಾರ್ಡನ್ನು ಖಾಲಿ ಸ್ಲಾಟಿನಲ್ಲಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ಡ್ರೈವರ್ ಸೇರಿಸಿ ಕರ್ನಲ್ಲನ್ನು ಹೊಸದಾಗಿ ಕಟ್ಟಲು, ಅಂದರೆ ಕಂಪೈಲ್ ಮಾಡಲು ಹಚ್ಚಿದೆ. ಕಂಪೈಲ್ ಮುಗಿಯುವ ಹೊತ್ತಿಗೆ ಎದುರಿನ ಹೋಟೆಲಿನವನಿಗೆ ನನ್ನ ಊಟ, ಚಹಾ, ಮತ್ತೊಂದು ಚಹಾ ಎಲ್ಲ ಬಾಯಿಪಾಠವಾಗಿದ್ದವು.

ಯಂತ್ರ ಎದ್ದಿತು. ಕಾರ್ಡು ಸಿಕ್ಕಿತು ಎಂಬ ಸಾಲು ಪರದೆಯ ಮೇಲೆ ಬಂತು. ಮರುದಿನ ಕೆಲಸ ಶುರುವಾದಾಗ ಮಾತ್ರ ಒಂದೇ ಒಂದು ಶಾಪಿನ ಕಂಪ್ಯೂಟರೂ ಸರ್ವರನ್ನು ಮುಟ್ಟಲಿಲ್ಲ. ಫೋರ್‌ಮನ್ನರು ಗುಂಪಾಗಿ ಬಂದು ಬಾಗಿಲಲ್ಲಿ ನಿಂತರು. ಮಾತಾಡುವ ಕಾರ್ಡನ್ನು ಕಿತ್ತೆ. ಎಲ್ಲ ಸರಿಹೋಯಿತು. ಮತ್ತೆ ಹಾಕಿದೆ. ಮತ್ತೆ ಎಲ್ಲ ಬಂದ್.

ಕಾರಣ ಹುಡುಕಲು ಸುಮಾರು ಒಂದು ವಾರ ಹಿಡಿಯಿತು. ಪ್ರತಿ ಕಾರ್ಡಿಗೂ ಯಂತ್ರದೊಳಗೆ ಒಂದು ವಿಳಾಸ ಇರುತ್ತದೆ, ಓಣಿಯಲ್ಲಿ ಮನೆ ನಂಬರ್ ಇದ್ದ ಹಾಗೆ. ನೆಟ್‌ವರ್ಕ್ ಕಾರ್ಡು ಒಂದೇ ಬಾಗಿಲಿನ ಮನೆಯಲ್ಲ, ಸಾಲಾಗಿ ಮೂವತ್ತೆರಡು ಬಾಗಿಲುಗಳ ವಾಡೆ. ಮಾತಾಡುವ ಕಾರ್ಡು ಕಾರ್ಖಾನೆಯಿಂದ ಬರುವಾಗಲೇ ಆ ವಾಡೆಯ ಕೊನೆಯ ಎರಡು ಬಾಗಿಲುಗಳಲ್ಲಿ ಬಿಡಾರ ಹೂಡಿಕೊಂಡು ಬಂದಿತ್ತು. ಆ ಕೊನೆಯ ಬಾಗಿಲಿನ ಗುಣವೇನೆಂದರೆ, ಅದನ್ನು ಯಾರಾದರೂ ಮುಟ್ಟಿದರೆ ನೆಟ್‌ವರ್ಕ್ ಕಾರ್ಡು ಎಲ್ಲವನ್ನೂ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಟೊಪ್ಪಿಗೆಯನ್ನು ತೆಗೆದು ಬೇರೆ ವಿಳಾಸಕ್ಕೆ ಹಾಕಿದೆ. ಗೆದ್ದೆ ಅಂದುಕೊಂಡೆ. ಆದರೂ ನೆಟ್‌ವರ್ಕ್ ಏಳಲಿಲ್ಲ.

ಆಗ ಮಾತಾಡುವ ಕಾರ್ಡಿನ ಡ್ರೈವರಿನ ಸಾಲುಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದಲು ಕೂತೆ. ಅದು ತನ್ನ ಕಾರ್ಡನ್ನು ಹುಡುಕುವಾಗ, ಇರಬಹುದಾದ ಎಲ್ಲ ವಿಳಾಸಗಳ ಬಾಗಿಲನ್ನೂ ಸರದಿಯಂತೆ ಬಡಿದು ನೋಡುತ್ತಿತ್ತು. ಕಾರ್ಡು ಮುಂದಿನ ಮನೆಗೆ ಹೋಗಿದ್ದರೇನಂತೆ, ದಾರಿಯಲ್ಲಿ ಆ ವಾಡೆಯ ಬಾಗಿಲನ್ನೂ ಬಡಿದೇ ಹೋಗುತ್ತಿತ್ತು. ಅದಕ್ಕೊಂದು ಉಪಾಯವಿತ್ತು. ಲಿನಕ್ಸ್ ಏಳುವಾಗಲೇ, ಇಂತಿಂಥ ಬಾಗಿಲುಗಳನ್ನು ಯಾರೂ ಬಡಿಯಬಾರದು ಎಂದು ಒಂದು ಸಾಲು ಬರೆದು ಕಾಯ್ದಿರಿಸಬಹುದು. ನೆಟ್‌ವರ್ಕ್ ಕಾರ್ಡಿಗೆ ಮಾತ್ರ ನಿನ್ನ ಮನೆ ಇಲ್ಲೇ ಎಂದು ಬೇರೆಯಾಗಿ ಹೇಳಿಕೊಡಬೇಕು. ಆ ಎರಡು ಸಾಲು ಬರೆದು ಯಂತ್ರ ಎಬ್ಬಿಸಿದೆ. ಮತ್ತದೇ ಹಾಡು. ನೋಡಿದರೆ, ಸಾಲು ಬರೆದ ಮೇಲೆ ಅದನ್ನು ಬೂಟ್ ಆಗುವ ಜಾಗಕ್ಕೆ ದಾಟಿಸುವ ಆಜ್ಞೆ ಕೊಡುವುದನ್ನೇ ಮರೆತಿದ್ದೆ. ನನ್ನ ತಲೆಯ ಮೇಲೆ ನಾನೇ ಒಂದು ಕೊಟ್ಟುಕೊಂಡೆ. ಅಕ್ಕ ಆ ಸದ್ದು ಕೇಳಿ, "ಏನ್ ಬಿತ್ತ್ರಿ ಸರ್?" ಎಂದರು.

ಆಮೇಲೆ ನೆಟ್‌ವರ್ಕೂ ಎದ್ದಿತು, ಕಾರ್ಡೂ ಎದ್ದಿತು. ಪರದೆಯ ಮೇಲೆ ಬಂದದ್ದನ್ನೆಲ್ಲ ಕಾರ್ಡಿಗೆ ಓದಲು ಕೊಡುವ ಒಂದು ಪ್ಯಾಚನ್ನು ಟಿಳಕವಾಡಿಯ ಸೈಬರ್ ಕೆಫೆಯಿಂದ ಫ್ಲಾಪಿಗಳಲ್ಲಿ ಇಳಿಸಿಕೊಂಡು ತಂದೆ. ಒಂದು ಫ್ಲಾಪಿ ಕೆಟ್ಟು ಮತ್ತೆ ಹೋದೆ. ಕರ್ನಲ್ ಮತ್ತೆ ಕಂಪೈಲ್ ಆಯಿತು. ಕೊನೆಗೆ ಸ್ಪೀಕರಿನಿಂದ ಯಾರೋ ಮೂಗಿನಲ್ಲಿ ಮಾತಾಡುವ ಪರದೇಶದ ಗಂಡಸಿನ ದನಿ ಹೊರಟಾಗ ಫೋರ್‌ಮನ್ನರೆಲ್ಲ ಕೆಲಸ ಬಿಟ್ಟು ಓಡಿಬಂದರು. ಮಾಲಕರು ಸಿಹಿ ಕುಂದಾ ತರಿಸಿ ಎಲ್ಲರಿಗೂ ಹಂಚಿದರು. ಅಕ್ಕ ಎಡಗಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ನಗುತ್ತ, "ಭಾಳ ಛಲೋ ಆತ್ರಿ ಸರ್" ಎಂದರು. ನಾನು ಸ್ಕೂಟರ್ ಹತ್ತಿ ಸೀಟಿ ಹೊಡೆಯುತ್ತ ಅನಗೋಳಕ್ಕೆ ಬಂದೆ.

ನಾಲ್ಕೈದು ದಿನ ಬಿಟ್ಟು ಹೋದರೆ ಹೆಡ್‌ಫೋನ್ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಅಕ್ಕ ಇಂಟರ್‌ಕಾಮ್‌ನಲ್ಲಿ ತಗ್ಗಿದ ದನಿಯಲ್ಲಿ ಬೇಡಿಕೊಳ್ಳುತ್ತಿದ್ದರು: "ಅಣ್ಣಾ, ಸಿಟ್ಟಾಗಬ್ಯಾಡೋ, ಇದೊಂದs ಹೇಳು, ಗಿರಾಕಿ ಲೈನಿನ್ಯಾಗ ಅದಾರ."

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಅಕ್ಕಾರ, ಇಷ್ಟ ಬಡಕೊಂಡು ಯಂತ್ರ ಮಾತಾಡಿಸಿ ಕೊಟ್ಟೇನಿ, ನೀವು ಅದನ್ನ ಮೊಳಿಗೆ ತೂಗ ಹಾಕೀರಿ!"

ಅಕ್ಕ ಹೆಡ್‌ಫೋನನ್ನು ತಡಕಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಅದು ಛಲೋನs ಮಾತಾಡ್ತೈತ್ರಿ. ನನಗ ತಿಳಿಯಂಗಿಲ್ಲ, ಅಷ್ಟ."

"ಇಂಗ್ಲಿಷ್ ಬರ್ತೈತಲ್ರಿ ನಿಮಗ? ದಿನಾ ಫೋನಿನ್ಯಾಗ ಮಾತಾಡ್ತೀರಿ."

"'ಗುಡ್ ಮಾರ್ನಿಂಗ್', 'ಹೋಲ್ಡ್ ಆನ್ ಪ್ಲೀಜ್', 'ಸಾಬ್ ಮೀಟಿಂಗ್'. ಇಷ್ಟ ಬರ್ತೈತ್ರಿ ಸರ್."

"ಮತ್ತ ಅವತ್ತ ಭಾಳ ಛಲೋ ಆತು ಅಂದ್ರಿ?"

"ನೀವು ಅಷ್ಟ್ ದಿನಾ ಊಟಾ ಬಿಟ್ಟು ದುಡದ್ರಿ. ಮಾಲಕ್ರು ಕುಂದಾ ತರಿಸಿದ್ರು. ಎಲ್ಲಾರೂ ನಗಾಕತ್ತಿದ್ರು. ನನಗ ತಿಳೀಲಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ ರೀ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೆಡ್‌ಫೋನ್ ಇಸಿದುಕೊಂಡು ಕಣ್ಣು ಮುಚ್ಚಿ ನಾನೇ ಕೇಳಿದೆ. ಆ ಗಂಡಸು ಪರದೆಯನ್ನು ಮೇಲಿನಿಂದ ಕೆಳಗೆ ಓದುತ್ತಿದ್ದ. ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ, ಉದ್ದಗೆರೆ, ಕಂಪನಿಯ ಹೆಸರು, ತಾರೀಖು, ಮತ್ತೆ ಗೆರೆಗಳು. ಅಂದವಾಗಿ ಕಾಣಲಿ ಎಂದು ನಾನೇ ಎಳೆದ ಗೆರೆಗಳು. ಗಿರಾಕಿಯ ಮಾಲಿನ ಸುದ್ದಿ ಬರುವಷ್ಟರಲ್ಲಿ ನನಗೇ ಸಾಕಾಗಿತ್ತು. ಇಂಗ್ಲಿಷ್ ಗೊತ್ತಿದ್ದ ನನಗೂ ಒಂದು ಮಾತು ಬಿಟ್ಟು ಒಂದು ತಿಳಿಯುತ್ತಿತ್ತು.

ಆ ಸಂಜೆ ಅಂಗಡಿಯಲ್ಲಿ ಕೂತು ಯೋಚಿಸಿದೆ. ನನಗೆ ಪರದೆ ಕಾಣುತ್ತದೆ, ಹಾಗಾಗಿ ಅಕ್ಕನಿಗೂ ಪರದೆಯೇ ಬೇಕು ಅಂದುಕೊಂಡಿದ್ದೆ. ಅಕ್ಕ ಪರದೆಯನ್ನು ಯಾವತ್ತೂ ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದುದು ಉತ್ತರ. ಮಾಲಿನ ನಂಬರ್ ಒತ್ತಿದರೆ, ಅದು ಎಲ್ಲಿದೆ ಎಂದು ಎರಡು ಮಾತು. ಅಷ್ಟಕ್ಕೆ ಆ ಪ್ಯಾಚೂ ಬೇಡ, ಇಂಗ್ಲಿಷೂ ಬೇಡ. ಕಷ್ಟಪಟ್ಟು ಹೊಲಿದ ಅಂಗಿಯನ್ನು ಬಿಚ್ಚಿಹಾಕಿದಂತೆ ಪ್ಯಾಚನ್ನು ಕಿತ್ತುಹಾಕಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಡ್ರೈವರ್ ಹೇಗೂ ಇತ್ತು. ಅಕ್ಷರ ಕೊಟ್ಟರೆ ಕಾರ್ಡು ಓದುತ್ತದೆ. ಇಂಗ್ಲಿಷ್ ಅಕ್ಷರಗಳನ್ನೇ ಹೇಗಾದರೂ ತಿರುಚಿ ಕೊಟ್ಟರೆ ಅದರ ಬಾಯಿಂದ ಕನ್ನಡ ಹೊರಡಬಾರದೇಕೆ? ಆದರೆ ಅದು ಹೊರಟಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಅಕ್ಕ. ಫೌಂಡ್ರಿಯಲ್ಲಿ ಫೋನು ಅವರನ್ನು ಬಿಡುವುದಿಲ್ಲ. ಆದ್ದರಿಂದ ರವಿವಾರ ನಾನೇ ಖಾನಾಪುರಕ್ಕೆ ಹೊರಟೆ.

ಅಂಗಡಿಯಲ್ಲಿದ್ದ ಒಂದು ಹಳೆಯ ಕಂಪ್ಯೂಟರ್ ಡಬ್ಬಿಗೆ ಲಿನಕ್ಸ್ ಹಾಕಿ, ಸರ್ವರಿನಿಂದ ಬಿಚ್ಚಿದ ಕಾರ್ಡನ್ನು ಅದರೊಳಗೆ ಕೂರಿಸಿ, ಕೀಬೋರ್ಡ್, ಸ್ಪೀಕರ್ ಜೊತೆ ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಮಾನಿಟರ್ ಒಯ್ಯಲಿಲ್ಲ. ಹೊರುವುದು ಕಷ್ಟ ಅಂತಲ್ಲ, ಅಕ್ಕನ ಮನೆಯಲ್ಲಿ ಅದನ್ನು ನೋಡುವವರು ಯಾರು ಎಂಬ ತಿಕ್ಕಲು ವಿಚಾರ. ನೋಡಬೇಕಾದವನು ನಾನು ಎಂಬುದು ಗಾಡಿ ದೇಸೂರು ಸ್ಟೇಷನ್ ದಾಟಿದ ಮೇಲೆ ನೆನಪಾಯಿತು.

ಸ್ಟೇಷನ್ನಿಗೆ ಅಕ್ಕನ ಯಜಮಾನರು ಬಂದಿದ್ದರು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸ, ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡು ಹೆಗಲಿಗೇರಿಸಿದರು. ಮನೆಯಲ್ಲಿ ಅವರದು ಮರಾಠಿ. ಮರಾಠಿಯಲ್ಲೇ ಮಾತಾಡಿಸಬೇಕಾ ಇದನ್ನು ಎಂದು ನಾನು ಕೇಳಿದಾಗ ಯಜಮಾನರು ಹೌದೆಂದು ತಲೆಯಾಡಿಸಿದರು. ಅಕ್ಕ ಒಪ್ಪಲಿಲ್ಲ.

"ಸಾಲಿ ಕಲ್ತದ್ದು ಕನ್ನಡದಾಗ್ರಿ. ಗಿರಾಕಿ ಜೋಡಿ ಮರಾಠಿ ಮಾತಾಡ್ತೇನಿ, ಇವರ ಜೋಡಿ ಮರಾಠಿ ಜಗಳಾ ತಗೀತೇನಿ. ಆದ್ರ ನಂಬರ್ ಮಾತ್ರ ನನ್ನ ತಲ್ಯಾಗ ಕನ್ನಡದಾಗs ಕುಂದರ್ತಾವು."

ಒಂದರಿಂದ ಶುರು ಮಾಡಿದೆವು. ನಾನು ಅಕ್ಷರ ಒತ್ತುವುದು, ಡಬ್ಬಿ ಏನೋ ಒಂದು ಒದರುವುದು, ಅಕ್ಕ ತಲೆ ಅಲ್ಲಾಡಿಸುವುದು. ಒಂದು ಅಕ್ಷರ ಹೆಚ್ಚು, ಒಂದು ಅಕ್ಷರ ಕಡಿಮೆ, ನಡುವೆ ಒಂದು ಖಾಲಿ ಜಾಗ. ಎಲ್ಲ ಮಾಡಿದ ಮೇಲೆ ಅದು 'ಒಂದು' ಎಂದಿತು. ಅಕ್ಕ ಚಪ್ಪಾಳೆ ತಟ್ಟಿದರು. ಎಷ್ಟೋ ಸಲ ಕೀಲಿ ತಪ್ಪಿ ಒತ್ತಿದ್ದು ಗೊತ್ತೇ ಆಗದೆ ಡಬ್ಬಿ ಬಾಯಿಬಿಡುವವರೆಗೂ ಕಾಯಬೇಕಾಗುತ್ತಿತ್ತು. ಪರದೆ ಇಲ್ಲದೆ ನಾನು ತಡಕಾಡುವುದನ್ನು ಅಕ್ಕ ಕೇಳಿಸಿಕೊಂಡು, "ಸಾವಕಾಶ ಮಾಡ್ರಿ ಸರ್, ಮೊದ್ಲ ಮೊದ್ಲ ಹಿಂಗs ಆಕ್ಕೈತಿ" ಎಂದು ಧೈರ್ಯ ಹೇಳಿದರು. ನನಗೆ ನಗು ಬಂತು.

ಆ ಕಾರ್ಡಿಗೆ ನಮ್ಮ 'ಳ' ಬರುವುದಿಲ್ಲ. 'ಏಳು' ಎನ್ನಬೇಕಾದಲ್ಲಿ 'ಏಲು' ಅನ್ನುತ್ತಿತ್ತು. ಎಷ್ಟು ತಿರುಚಿದರೂ ಅಷ್ಟೇ.

"ಇರ್ಲಿ ಬಿಡ್ರಿ," ಎಂದರು ಅಕ್ಕ. "ನಮ್ಮ ಅತ್ತಿಯವ್ರಿಗೆ ಒಂದೂ ಹಲ್ಲಿಲ್ಲ. ಅವರ ಮಾತು ಮನ್ಯಾಗ ಎಲ್ಲಾರಿಗಿಂತ ಮೊದ್ಲ ನನಗs ತಿಳೀತೈತಿ."

ಆ ಅತ್ತೆ ಅಷ್ಟು ಹೊತ್ತಿಗೆ ಚಹಾ ತಂದರು. ತಟ್ಟೆಯಲ್ಲಿ ಒಂದು ಕಪ್ಪು ಹೆಚ್ಚಿಗೆ ಇತ್ತು. ಯಾರಿಗೆ ಎಂದು ಮಗ ಕೇಳಿದರೆ, ನನ್ನ ಜೊತೆ ಬಂದು ಒಳಗೆ ಮೂಗಿನಲ್ಲಿ ಮಾತಾಡುತ್ತಿದ್ದ ಪಾವಣೆಯವರಿಗೆ ಎಂದರು. ಬೆಳಿಗ್ಗೆಯಿಂದ ಪಾಪ ಅವರನ್ನು ಒಂದೇ ಸಮ ಬೈಯುತ್ತಿದ್ದೀರಿ, ಒಂದು ಗುಟುಕು ಚಹಾ ಆದರೂ ಬೇಡವೇ ಎಂದು ನಮ್ಮನ್ನೇ ಗದರಿದರು. ಆ ಕಪ್ಪನ್ನೂ ನಾನೇ ಕುಡಿದೆ.

ಹತ್ತು ಅಂಕಿಗಳಾದ ಮೇಲೆ ಮಾಲಿನ ಸ್ಥಿತಿ. ಪುಸ್ತಕದ ಕನ್ನಡದಲ್ಲಿ 'ಅಚ್ಚಿನಲ್ಲಿ ಇದೆ' ಎಂದು ಹೇಳಿಸಿದರೆ ಅಕ್ಕ ಮುಖ ಕಿವುಚಿದರು. ಆದ್ದರಿಂದ 'ಅಚ್ಚಿನ್ಯಾಗ ಐತಿ', 'ಎರದಾರ', 'ಗ್ರೈಂಡಿಂಗ್‌ದಾಗ ಐತಿ', 'ಲಾರಿ ಹೋಗೇತಿ' ಎಂದು ಒಂದೊಂದನ್ನೇ ಹಚ್ಚಿದೆವು. ಸಂಜೆಯ ಗಾಡಿಗೆ ಹೊರಡುವ ಹೊತ್ತಿಗೆ ಆ ಪರದೇಶದ ಗಂಡಸು ಖಾನಾಪುರದ ಅಳಿಯನ ಹಾಗೆ ಮಾತಾಡುತ್ತಿದ್ದ. ಯಜಮಾನರು ಬಾಗಿಲಿಗೆ ಒರಗಿ ನಿಂತು, ಹೆಂಡತಿ ನಗುವುದನ್ನೇ ನೋಡುತ್ತಿದ್ದರು. ಗಾಡಿ ಹತ್ತಿಸುವಾಗ, "ಸಾಹೇಬ್ರ, ಎರಡ ತಿಂಗಳಾತ್ರಿ ಆಕಿ ಮನ್ಯಾಗ ಹಿಂಗ ನಕ್ಕು" ಎಂದಷ್ಟೇ ಹೇಳಿದರು.

ಕಾರ್ಡನ್ನು ಮತ್ತೆ ಸರ್ವರಿನಲ್ಲಿ ಕೂರಿಸಿ, ಒಂದು ಪುಟ್ಟ ಪ್ರೋಗ್ರಾಂ ಬರೆದು ಎಲ್ಲವನ್ನೂ ಅದಕ್ಕೆ ಹಾಕಿದೆ. ಕೀಬೋರ್ಡಿನ ಬಲಗಡೆಯ ಅಂಕಿಗಳಲ್ಲಿ ನಂಬರ್ ಒತ್ತಿ ಎಂಟರ್ ಹೊಡೆದರೆ ಸಾಕು, ಉತ್ತರ ಕಿವಿಗೆ ಬರುತ್ತದೆ. ಅಕ್ಕ ಮೊದಲ ದಿನ ನಾಲ್ಕೈದು ಗಿರಾಕಿಗಳಿಗೆ ಉತ್ತರ ಹೇಳಿದರು. ಎರಡನೆಯ ದಿನ ಮಧ್ಯಾಹ್ನ ಮಾಲಕರಿಂದ ನನಗೆ ಫೋನ್ ಬಂತು. ಕೂಡಲೇ ಬರಬೇಕಂತೆ.

ಆದದ್ದೇನೆಂದರೆ, ಕೊಲ್ಹಾಪುರದ ಒಬ್ಬ ಪಂಪು ತಯಾರಕರಿಗೆ ಅಕ್ಕ ಲಾರಿ ಹೋಗಿದೆ ಎಂದು ಹೇಳಿಬಿಟ್ಟಿದ್ದರು. ಅವರು ಮಾಲು ಇಳಿಸಿಕೊಳ್ಳಲು ಹಮಾಲರನ್ನು ಕರೆಸಿ ಕಾದಿದ್ದರು. ಮಾಲು ಇನ್ನೂ ಅಚ್ಚಿನಲ್ಲೇ ಇತ್ತು.

"ಇಷ್ಟ ದಿನಾ ತಡಾ ಆದ್ರೂ ಖರೇ ಹೇಳ್ತಿದ್ದಿವಿ," ಎಂದರು ಮಾಲಕರು. ಅವರಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. "ಈಗ ಲಗೂನ ಸುಳ್ಳು ಹೇಳಿದಂಗಾತು. ಸಾಕ್ರಿ ಇದು. ನೀವು ಭಾಳ ತ್ರಾಸ ತಗೊಂಡ್ರಿ, ಅಕ್ಕಾನೂ ತಗೊಂಡ್ರು. ಪಾಡ್ಯ ಆದಮ್ಯಾಗ ಹುಡುಗಿ ಬರ್ಲಿ."

ಅಕ್ಕ ತಲೆ ತಗ್ಗಿಸಿ ಕೂತಿದ್ದರು. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿರಬೇಕೆಂದು ಸಾಲು ಸಾಲು ನೋಡಿದೆ. ನಾನೇ ನಂಬರ್ ಒತ್ತಿ ನೋಡಿದರೆ ಉತ್ತರ ಸರಿ. ಅಕ್ಕ ಒತ್ತಿದರೆ ಒಮ್ಮೆ ಸರಿ, ಒಮ್ಮೆ ತಪ್ಪು, ಒಮ್ಮೆ ಅಂಥ ನಂಬರೇ ಇಲ್ಲ. ತಾಳ್ಮೆ ಹರಿಯಿತು. "ಅಕ್ಕಾರ, ನಂಬರ್ ಬರೋಬರಿ ಒತ್ತಾಕತ್ತೀರೋ ಇಲ್ಲೋ?"

"ಸರ್, ಈ ಕುರ್ಚಿ ಮ್ಯಾಲ ಕುಂತಾಗಿಂದ ನನ್ನ ಕೆಲಸಾನs ನಂಬರ್ ಒತ್ತೂದ್ರಿ. ನನ್ನ ಬೆರಳು ತಪ್ಪಂಗಿಲ್ಲ."

ಅಷ್ಟರಲ್ಲಿ ಹೊರಗೆ ಒಂದು ಕರೆ ಹಚ್ಚಿಕೊಡಲು ಮಾಲಕರು ಹೇಳಿದರು. ಅಕ್ಕನ ಬಲಗೈ ಕೀಬೋರ್ಡಿನಿಂದ ಎದ್ದು ಪಕ್ಕದ ಫೋನಿನ ಗುಂಡಿಗಳ ಮೇಲೆ ಹೋಯಿತು. ನಡುಬೆರಳು ಐದರ ಮೇಲಿನ ಚಿಕ್ಕ ಉಬ್ಬನ್ನು ಮುಟ್ಟಿತು, ಅಲ್ಲಿಂದ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಸರಸರ ಓಡಿತು. ಕರೆ ಹೋಯಿತು. ಕೈ ಮತ್ತೆ ಕೀಬೋರ್ಡಿಗೆ ಬಂದು, ಅಲ್ಲೂ ಐದರ ಉಬ್ಬನ್ನು ಮುಟ್ಟಿ ನಿಂತಿತು. ನಾನು ಎರಡನ್ನೂ ನೋಡಿದೆ. ಫೋನಿನಲ್ಲಿ ಒಂದು, ಎರಡು, ಮೂರು ಇರುವುದು ಮೇಲಿನ ಸಾಲಿನಲ್ಲಿ. ಕೀಬೋರ್ಡಿನಲ್ಲಿ ಮೇಲಿನ ಸಾಲು ಏಳು, ಎಂಟು, ಒಂಬತ್ತು. ಒಂದು, ಎರಡು, ಮೂರು ಕೆಳಗೆ. ನಡುವಿನ ಸಾಲು ಮಾತ್ರ ಎರಡರಲ್ಲೂ ಒಂದೇ.

ಅಕ್ಕ ಒಂದು ಎಂದು ಒತ್ತಿದಾಗಲೆಲ್ಲ ಯಂತ್ರಕ್ಕೆ ಏಳು ಹೋಗುತ್ತಿತ್ತು. ನಾಲ್ಕು, ಐದು, ಆರು ಮಾತ್ರ ಇದ್ದ ನಂಬರು ಸರಿ ಬರುತ್ತಿತ್ತು, ಉಳಿದವು ಬೇರೆ ಯಾರದೋ ಮಾಲಿನ ಉತ್ತರ ತರುತ್ತಿದ್ದವು. ಒತ್ತಿದ ನಂಬರನ್ನು ತಿರುಗಿ ಹೇಳಿಸುವುದು ಹೊತ್ತು ತಿನ್ನುತ್ತದೆ ಎಂದು ನಾನೇ ಬಿಟ್ಟಿದ್ದೆ. ಹಾಗಾಗಿ ಅಕ್ಕನಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಅವರ ಬೆರಳು ತಪ್ಪಿರಲಿಲ್ಲ.

ಮಾಲಕರನ್ನು ಕರೆದು ತೋರಿಸಿದೆ. ಅವರು ಎರಡೂ ಕಡೆ ಬೆರಳಿಟ್ಟು ನೋಡಿ, "ಅರೇ, ಖರೇನs ಐತಲ್ರಿ" ಎಂದರು. ಆಮೇಲೆ, "ಹಂಗಾದ್ರ ಅಕ್ಕಾಗ ಇದನ್ನ ಕಲಸ್ರಿ. ಎಂಟ ದಿನದಾಗ ಕಲೀತಾರ" ಎಂದರು.

"ನಾ ಕಲೀತೇನ್ರಿ," ಎಂದು ಅಕ್ಕ ಕೂಡಲೇ ಅಂದರು. ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಅದೇ ದನಿ. ನನಗೆ ಆ ದನಿ ಈಗ ಗುರುತಾಗಿತ್ತು.

"ಬ್ಯಾಡ," ಎಂದೆ. "ದಿನಾ ನೂರು ಸಲಾ ಒಂದs ಕೈ ಫೋನಿಗೆ ಹೋಗಬೇಕು, ಕೀಬೋರ್ಡಿಗೆ ಬರಬೇಕು. ಗಡಿಬಿಡ್ಯಾಗ ಎರಡೂ ಕೆಡತಾವು. ಅಕ್ಕಾರ ಕೈ ಹೆಂಗ ಐತಿ ಹಂಗs ಇರ್ಲಿ. ಕೀಬೋರ್ಡ್ ತಿರುಗ್ಲಿ."

"ಬ್ಯಾರೇದಾವ್ರು ಬಂದು ಒತ್ತಿದ್ರ?"

"ಬ್ಯಾರೇದಾವ್ರು ಒತ್ತಬಾರದ್ರಿ. ಇದು ಅಕ್ಕಾರ ಕೀಬೋರ್ಡ್."

ಮಾಲಕರು ನನ್ನ ಮುಖ ನೋಡಿದರು, ಅಕ್ಕನನ್ನು ನೋಡಿದರು. "ಮಾಡ್ರಿ ಹಂಗಾರ. ಪಾಡ್ಯ ಆದ ಮರುದಿನ ನಾನs ಹೊರಗಿಂದ ಫೋನ್ ಹಚ್ಚಿ ಗಿರಾಕಿ ಆಗಿ ಕೇಳ್ತೇನಿ. ಮತ್ತೊಮ್ಮೆ ತಪ್ಪಿದ್ರ ನನಗ ಏನೂ ಹೇಳಬ್ಯಾಡ್ರಿ."

ಲಿನಕ್ಸ್‌ನಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಒಂದು ನಕ್ಷೆಯಲ್ಲಿ ಇರುತ್ತದೆ. ಮೇಲಿನ ಸಾಲಿನ ಮೂರು ಕೀಲಿ ಕೆಳಕ್ಕೆ, ಕೆಳಗಿನ ಮೂರು ಮೇಲಕ್ಕೆ. ಕಾರ್ಡಿಗಾಗಿ ವಾರಗಟ್ಟಲೆ ಗುದ್ದಾಡಿದವನಿಗೆ ಇದು ಚಹಾ ಆರುವ ಮೊದಲೇ ಮುಗಿದ ಕೆಲಸ. ಒತ್ತಿದ ನಂಬರನ್ನು ಮೊದಲು ತಿರುಗಿ ಹೇಳಿ, ಆಮೇಲೆ ಉತ್ತರ ಹೇಳುವಂತೆಯೂ ಮಾಡಿದೆ. ಅಕ್ಕ ಒಂದು ಎಂದು ಒತ್ತಿದರು. 'ಒಂದು' ಎಂದಿತು ಕಾರ್ಡು. ಏಳು ಒತ್ತಿದರು. 'ಏಲು' ಎಂದಿತು. ಅವರು ಬೆರಳನ್ನು ಕೀಲಿಯ ಮೇಲಿಂದ ತೆಗೆಯದೆ ಹಾಗೆಯೇ ಇಟ್ಟುಕೊಂಡು ಕೂತರು.

ದೀಪಾವಳಿಯ ಸೂಟಿಯಲ್ಲಿ ಫೌಂಡ್ರಿ ಮುಚ್ಚಿತ್ತು. ನಮ್ಮ ಮನೆಯವರು ಹಚ್ಚಿದ ಎಣ್ಣೆಯೂ ನನಗೆ ಹಿತವಾಗಲಿಲ್ಲ, ಮಾಡಿದ ಕರಜಿಕಾಯಿಯೂ ರುಚಿಸಲಿಲ್ಲ. ಯಾವುದೋ ಒಂದು ನಂಬರು ತಪ್ಪಿ ಬಂದಂತೆ ಕೂತಲ್ಲೇ ಬೆಚ್ಚುತ್ತಿದ್ದೆ. ಪಾಡ್ಯದ ಮರುದಿನ ಅಂಗಡಿ ತೆಗೆದು ಫೋನಿನ ಪಕ್ಕದಲ್ಲೇ ಕೂತೆ. ಬೆಳಿಗ್ಗೆ ಹೋಯಿತು, ಮಧ್ಯಾಹ್ನ ಹೋಯಿತು. ನಾನಾಗಿ ಫೋನ್ ಮಾಡಿ ಕೇಳಲು ಧೈರ್ಯವಾಗಲಿಲ್ಲ. ಎತ್ತುವವರು ಬೇರೆ ದನಿಯವರಾಗಿದ್ದರೆ?

ಸಂಜೆ ಫೋನ್ ಬಂತು.

"ಸರ್, ನಾನ್ರಿ."

"ಹೇಳ್ರಿ ಅಕ್ಕಾರ. ಮಾಲಕ್ರು ಫೋನ್ ಹಚ್ಚಿದ್ರು?"

"ಹಚ್ಚಿದ್ರಂತ್ರಿ, ದನಿ ಬದಲಿ ಮಾಡಿ. ನನಗ ಗುರ್ತ ಹತ್ತಲಿಲ್ಲ. ಎಲ್ಲಾ ಗಿರಾಕಿಗೆ ಹೇಳಿದಂಗ ಅವರಿಗೂ ಹೇಳಿದೆ. ಈಗ ಬಂದು ಹೇಳಿ ಹೋದ್ರು, ಹುಡುಗೀನ್ನ ಡಿಸ್ಪ್ಯಾಚಿಗೆ ಕುಂದರಿಸ್ತಾರಂತ."

"ಮತ್ತ ನೀವು?"

"ನಾ ಇಲ್ಲೇ ರೀ."

ನಾನು ಇಡೀ ದಿನದ ಉಸಿರನ್ನು ಬಿಟ್ಟೆ. ಇಷ್ಟು ಹೇಳಲು ಸಂಜೆಯವರೆಗೂ ಕಾಯಿಸಿದಿರಲ್ಲ ಎಂದು ಗದರಬೇಕು ಅನ್ನುವಷ್ಟರಲ್ಲಿ ಅಕ್ಕ ಮತ್ತೆ ಮಾತಾಡಿದರು. ದನಿ ತಗ್ಗಿತ್ತು.

"ಅದಕ್ಕಂತ ಫೋನ್ ಹಚ್ಚಲಿಲ್ರಿ ಸರ್. ಬ್ಯಾರೇನs ಹೇಳಬೇಕಾಗಿತ್ತು. ಹುಟ್ಟಿದಾಗಿಂದ ದಾರಿ ಕೇಳೇನಿ, ಬಸ್ ಕೇಳೇನಿ, ಟೈಮ್ ಕೇಳೇನಿ, ಸೀರಿ ಬಣ್ಣಾ ಸೈತ ಕೇಳೇನಿ. ಇವತ್ತ ಮುಂಜಾನಿಂದ ಸಂಜೀತನಾ, ಯಾರಿಗೂ ಏನೂ ಕೇಳಿಲ್ರಿ ನಾ. ಎಲ್ಲಾರೂ ನನಗ ಕೇಳ್ಯಾರ."

ಆ ಕಡೆ ಇನ್ನೊಂದು ಫೋನು ರಿಂಗಾಗತೊಡಗಿತು.

"ಇಡ್ತೇನ್ರಿ ಸರ್," ಎಂದರು ಅಕ್ಕ. "ಗಿರಾಕಿ ಅದಾರ."